ಗೋಡೆಯ ಮೇಲೆ ಕಡಲು: ತೇವ, ಪಟ್ಟೆ, ಬಂಗುಡೆ

ಪ್ರಶ್ನೆ: ಕುಂದಾಪುರದಲ್ಲಿ ಕಡಲಿಗೆ ಹತ್ತಿರ ನಮ್ಮ ಮನೆ. ಮಗಳ ಕೋಣೆಯ ಪಡುವಣ ಗೋಡೆಗೆ (10 ಅಡಿ ಅಗಲ, 9 ಅಡಿ ಎತ್ತರ) ಸಮುದ್ರದೊಳಗಿನ ಚಿತ್ರ ಬಿಡಿಸುವ ಆಸೆ. ಮಳೆಗಾಲದಲ್ಲಿ ಆ ಗೋಡೆಯ ಕೆಳಭಾಗದ ಪೇಂಟ್ ಎದ್ದು ಬಿಳಿ ಪುಡಿ ಉದುರುತ್ತದೆ. ಪುಟ್ಟಿ ಹಚ್ಚಿದರೆ ಸಾಕೇ?

ಸಾಲದು. ಆ ಬಿಳಿ ಪುಡಿ ಗಾರೆಯೊಳಗಿನ ಉಪ್ಪು. ನೀರಿನಲ್ಲಿ ಕರಗಿ ಹೊರಗೆ ಬಂದು, ನೀರು ಆರಿದಾಗ ಹರಳುಗಟ್ಟಿ ಪೇಂಟನ್ನು ಎತ್ತುತ್ತದೆ. ಪುಟ್ಟಿಯನ್ನೂ ಹಾಗೆಯೇ ಎತ್ತುತ್ತದೆ.

ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ. ಮನೆಯ ಒಳಗೋಡೆಗಳ ಬುಡದಲ್ಲೂ ಹೀಗೆಯೇ ಆಗುತ್ತಿದ್ದರೆ ತೇವ ತಳಪಾಯದಿಂದ ಏರುತ್ತಿದೆ. ಅದು ಸುಲಭಕ್ಕೆ ನಿಲ್ಲದು, ಚಿತ್ರಕ್ಕೆ ಬೇರೆ ಗೋಡೆ ಹುಡುಕಿ. ಪಡುವಣ ಗೋಡೆಗೆ ಮಾತ್ರವಾದರೆ ಬಹುಪಾಲು ಮಳೆಯ ಇರಚಲು. ಹೊರಗಿನ ಬಿರುಕು, ಸನ್‌ಶೇಡ್ ಸೇರುವ ಸಂದು ಮುಚ್ಚಿಸಿ, ಹೊರಮೈಗೆ ವಾಟರ್‌ಪ್ರೂಫ್ ಕೋಟ್ ಕೊಡಿಸಿ. ಒಳಗಿನ ಕೆಲಸ ಜನವರಿ ನಂತರ ಇಟ್ಟುಕೊಳ್ಳಿ.

ಒಳಗೆ, ಎದ್ದ ಜಾಗವನ್ನು ಗಾರೆ ಕಾಣುವವರೆಗೆ ಕೆರೆಯಿರಿ. ಉಪ್ಪನ್ನು ಒಣ ಬ್ರಷ್‌ನಿಂದಲೇ ಉಜ್ಜಿ ತೆಗೆಯಬೇಕು. ತೊಳೆದರೆ ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತದೆ. ನಂತರ 2 ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ, ಒಂದು ದಿನ ಬಿಡಿ. ಹಾಳೆಯ ಗೋಡೆ ಕಡೆಯ ಮೈಯಲ್ಲಿ ಹನಿ ಕಂಡರೆ ಗೋಡೆ ಇನ್ನೂ ಒಣಗಿಲ್ಲ, ಕಾಯಿರಿ. ಒಣಗಿದ ಮೇಲೆ ಸಿಮೆಂಟ್ ಪುಟ್ಟಿ, ವಾಟರ್ ಪ್ರೈಮರ್ ಸಾಕು. ಪಿಒಪಿ ತೇವ ಹೀರುತ್ತದೆ, ಆಯಿಲ್ ಪೇಂಟ್ ಗೋಡೆಯ ಉಸಿರು ಕಟ್ಟಿ ಗುಳ್ಳೆ ಎಬ್ಬಿಸುತ್ತದೆ. ಎರಡೂ ಬೇಡ.

ಪ್ರಶ್ನೆ: ಮೇಲೆ ತಿಳಿ, ಕೆಳಗೆ ಕಡು ನೀಲಿ ಬರಬೇಕೆಂದು ಹಚ್ಚಿದೆವು. ಪಟ್ಟೆ ಪಟ್ಟೆಯಾಗಿ ನಿಂತಿತು. ಏಕೆ?

ಒಂದು ಬಣ್ಣ ಒಣಗಿದ ಮೇಲೆ ಪಕ್ಕದ್ದನ್ನು ಹಚ್ಚಿದ್ದೀರಿ. ಒಣಗಿದ ಎಮಲ್ಷನ್ (ನೀರಿನಲ್ಲಿ ಬೆರೆಯುವ ಗೋಡೆ ಪೇಂಟ್) ಇನ್ನೊಂದರ ಜತೆ ಬೆರೆಯುವುದಿಲ್ಲ, ಫ್ಯಾನ್ ಓಡುತ್ತಿದ್ದರಂತೂ ಕೆಲವೇ ನಿಮಿಷ ಸಿಗುತ್ತದೆ.

10×9 ಅಡಿ ಗೋಡೆಗೆ ಲೆಕ್ಕ ಹೀಗೆ: ಅಂಗಡಿಯ ಮೆಷಿನ್‌ನಲ್ಲೇ ಮಿಕ್ಸ್ ಮಾಡಿಸಿದ ತಿಳಿ ನೀಲಿ 1 ಲೀಟರ್, ಕಡು ನೀಲಿಹಸಿರು 1 ಲೀಟರ್. ಮನೆಯಲ್ಲಿ ಬಿಳಿಗೆ ಸ್ಟೇನರ್ (ಪೇಂಟಿಗೆ ಬೆರೆಸುವ ಗಾಢ ಬಣ್ಣದ ದ್ರವ) ಸುರಿದು ಕಡು ಬಣ್ಣ ಮಾಡಲು ಹೋಗಬೇಡಿ; ನೂರಕ್ಕೆ ಐದು ಪಾಲು ದಾಟಿದರೆ ಪೇಂಟ್ ಸರಿಯಾಗಿ ಗಟ್ಟಿಯಾಗದೆ ಕೈಗೆ ಹತ್ತುತ್ತದೆ. ಐದು ಡಬ್ಬಿಗಳಲ್ಲಿ ತಲಾ 400 ಮಿಲಿ ಮಾಡಿಕೊಳ್ಳಿ: ಬರೀ ತಿಳಿ, ತಿಳಿ 300 ಕಡು 100, ಎರಡೂ 200, ತಿಳಿ 100 ಕಡು 300, ಬರೀ ಕಡು. ಕಣ್ಣಳತೆ ಬೇಡ, ಅಳತೆ ಲೋಟ ಬಳಸಿ. ಒಂದೊಂದಕ್ಕೂ ಸುಮಾರು 1¾ ಅಡಿ ಎತ್ತರ ಬರುತ್ತದೆ.

ಮೊದಲ ಕೋಟ್ ಪಟ್ಟೆಯಾಗಿಯೇ ಇರಲಿ, ಒಣಗಲಿ. ಎರಡನೆಯದಕ್ಕೆ ಇಬ್ಬರು ಬೇಕು, ಫ್ಯಾನ್ ಆಫ್. ಒಬ್ಬರು ಮೇಲಿನಿಂದ ರೋಲರ್ ಎಳೆಯುತ್ತ ಬರಲಿ. ಎರಡು ಬಣ್ಣ ಸೇರುವಲ್ಲಿ ಇನ್ನೊಬ್ಬರು 4 ಇಂಚಿನ ಒಣ ಬ್ರಷ್‌ನಿಂದ, ಮೇಲೆ ಕೆಳಗೆ ಅರ್ಧರ್ಧ ಅಡಿ, ಅಡ್ಡಾದಿಡ್ಡಿ ಎಳೆದು ಬೆರೆಸಲಿ. ಬ್ರಷ್ ಒದ್ದೆಯಾದಂತೆಲ್ಲ ಬಟ್ಟೆಗೆ ಒರೆಸಬೇಕು. ಅಲ್ಲಲ್ಲಿ ಏರುಪೇರು ಉಳಿದರೆ ಬಿಡಿ, ನೀರಿಗೆ ಅದೇ ಚೆಂದ.

ಪ್ರಶ್ನೆ: ಕೆಂಪು, ಕಿತ್ತಳೆ ಮೀನು ಬರೆದರೆ ಸ್ಟಿಕರ್ ಅಂಟಿಸಿದಂತೆ ಕಾಣುತ್ತದೆ.

ನೀರು ಮೊದಲು ನುಂಗುವುದು ಕೆಂಪನ್ನೇ. ಹತ್ತು ಮೀಟರ್ ಆಳದಲ್ಲಿ ಕೆಂಪು ಮೀನು ಕಂದುಬೂದಿಯಾಗಿ ಕಾಣುತ್ತದೆ. ಹಾಗಾಗಿ ದೂರದ ಮೀನಿಗೆ ಅದರ ಹಿಂದಿರುವ ಡಬ್ಬಿಯ ಬಣ್ಣವನ್ನೇ ತುಸು ಕಡುವಾಗಿಸಿ ನೆರಳಾಕಾರ ಬರೆಯಿರಿ; ನಡುವಿನದಕ್ಕೆ ಮೀನಿನ ಬಣ್ಣದಲ್ಲಿ ಅರ್ಧಪಾಲು ಆ ನೀಲಿ ಸೇರಿಸಿ. ಅಪ್ಪಟ ಬಣ್ಣ ಮುಂದಿನ ಎರಡು ಮೂರು ಮೀನಿಗಷ್ಟೆ. ಕಪ್ಪು ಔಟ್‌ಲೈನ್ ಬೇಡವೇ ಬೇಡ. ಬೆನ್ನು ಕಡು, ಹೊಟ್ಟೆ ತಿಳಿ ಇರಲಿ.

ಕುಂದಾಪುರದ ಗೋಡೆಗೆ ಹವಳದ ಮೀನೇ ಬೇಕೆಂದೇನೂ ಇಲ್ಲ. ಬಂಗುಡೆ ಹಿಂಡು ಬರೆಯಿರಿ. ಹಳೆಯ ಎಕ್ಸ್‌ರೇ ಹಾಳೆಯಲ್ಲಿ 6, 9, 12 ಇಂಚಿನ ಮೂರು ಸ್ಟೆನ್ಸಿಲ್ ಕತ್ತರಿಸಿ, ಸ್ಪಂಜಿಗೆ ಪೇಂಟ್ ಅದ್ದಿ, ಪೇಪರ್ ಮೇಲೆ ಒತ್ತಿ ಹೆಚ್ಚಿನದು ತೆಗೆದು ತಟ್ಟಿ. ಪೇಂಟ್ ನೀರಾದರೆ ಹಾಳೆಯಡಿ ಹರಿದು ಅಂಚು ಕೆಡುತ್ತದೆ. ಮೀನಾಗಿ ಕಾಣಿಸುವುದು ಆಮೇಲಿನ ಸಣ್ಣ ಕೆಲಸದಿಂದ: ನೀಲಿಹಸಿರು ಬೆನ್ನಿನ ಮೇಲೆ ಉದ್ದಕ್ಕೆ ತೆಳು ಕಡುಗೆರೆಗಳು, ಪಕ್ಕದ ಈಜುರೆಕ್ಕೆಯ ಬಳಿ ಒಂದು ಕಪ್ಪು ಚುಕ್ಕೆ, ಬಾಲದ ಮುಂದೆ ಮೇಲೂ ಕೆಳಗೂ ಐದೈದು ಪುಟ್ಟ ರೆಕ್ಕೆ. ಕೆಲವಕ್ಕೆ ಬಾಯಿ ಅಗಲವಾಗಿ ತೆರೆದಿರಲಿ. ಬಂಗುಡೆ ಹಾಗೆ ಈಜುತ್ತಲೇ ನೀರು ಸೋಸಿ ತಿನ್ನುತ್ತದೆ.

ಕಡಲಾಮೆ ಬರೆಯುವುದಾದರೆ ಚಿಪ್ಪಿನ ನಡುಸಾಲಿನ ಅಕ್ಕಪಕ್ಕದ ಫಲಕ ಎಣಿಸಿ. ನಮ್ಮ ಕರಾವಳಿಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲೆಗೆ ಒಂದೊಂದು ಬದಿಗೆ ಸಾಮಾನ್ಯವಾಗಿ ಆರು ಅಥವಾ ಹೆಚ್ಚು. ನಾಲ್ಕಿದ್ದರೆ ನೀವು ನಕಲು ಮಾಡಿದ್ದು ಹಸಿರು ಆಮೆಯಂಥ ಬೇರೆ ಜಾತಿಯ ಫೋಟೊ.

ಪ್ರಶ್ನೆ: ಮೇಲೆ ವಾರ್ನಿಷ್ ಬೇಕೇ?

ಮಕ್ಕಳ ಕೈ ತಾಗುವ 4 ಅಡಿಯವರೆಗೆ ಬೇಕು; ಆದರೆ ಅರ್ಧಕ್ಕೇ ನಿಲ್ಲಿಸಿದರೆ ಗೆರೆ ಕಾಣುವುದರಿಂದ ಇಡೀ ಗೋಡೆಗೆ ಕೊಡುವುದೇ ಮೇಲು. ಚಿತ್ರ ಮುಗಿದು ಒಂದು ವಾರ ಬಿಟ್ಟು, ನೀರಿನಲ್ಲಿ ಬೆರೆಯುವ ಮ್ಯಾಟ್ ಅಕ್ರಿಲಿಕ್ ಕ್ಲಿಯರ್ ಎರಡು ತೆಳು ಕೋಟ್. ಗ್ಲಾಸಿ ಹಾಕಿದರೆ ಪುಟ್ಟಿಯ ಏರುತಗ್ಗೆಲ್ಲ ಎದ್ದು ಕಾಣುತ್ತದೆ. ಮರಕ್ಕೆ ಹಾಕುವ ಆಯಿಲ್ ವಾರ್ನಿಷ್ ದಿನ ಕಳೆದಂತೆ ಹಳದಿಯಾಗಿ ನೀಲಿಯನ್ನು ಪಾಚಿಬಣ್ಣಕ್ಕೆ ತಿರುಗಿಸುತ್ತದೆ.