ಆ ಫಾರಂಗೆ ಸಹಿ ಹಾಕುವ ಮುಂಚೆ

ತಮ್ಮಾ,

ಪಿರಿಯಾಪಟ್ಟಣ ಅಂತ ಕಂಡ ಕೂಡಲೇ ನಿನ್ನ ಪತ್ರವನ್ನು ಎರಡು ಸಲ ಓದಿದೆ. ನಮ್ಮದು ಕುಶಾಲನಗರ. ಅರ್ಧ ಗಂಟೆ ದಾರಿ, ಅಲ್ವಾ? ನೀನು ನಾಲ್ಕು ವಿಷಯ ಕೇಳಿದ್ದೀಯ. ಮೂರಕ್ಕೆ ಬೇಗ ಹೇಳಿಬಿಡುತ್ತೇನೆ.

ಬಾಡಿಗೆ ಟೊರಾಂಟೊದಲ್ಲಿ ಜಾಸ್ತಿ. ಒಬ್ಬನೇ ಮನೆ ಹಿಡಿಯುವ ಯೋಚನೆ ಬಿಡು, ರೂಮು ಕಣ್ಣಿಂದ ನೋಡದೆ ಮುಂಗಡ ಕಳಿಸಬೇಡ. ಚಳಿಗೆ ಜಾಕೆಟ್ ಹಳೆಯದಾದರೂ ನಡೆಯುತ್ತದೆ, ಬೂಟು ಮಾತ್ರ ಒಳ್ಳೆಯದು ತಗೋ. ರಾಗಿ ಹಿಟ್ಟು ಬ್ರಾಂಪ್ಟನ್ ಅಂಗಡಿಗಳಲ್ಲಿ ಸಿಗುತ್ತದೆ. ಮುದ್ದೆ ಕಟ್ಟಲು ಬರುತ್ತೆ ತಾನೇ? ಹಾಗಾದರೆ ಊಟದ ಚಿಂತೆ ಇಲ್ಲ.

ನಾಲ್ಕನೆಯದಕ್ಕೆ ಬರುತ್ತೇನೆ. ಕೋರ್ಸ್ ಮುಗಿಯುತ್ತಿದೆ, ಆಮೇಲೆ ವರ್ಕ್ ಪರ್ಮಿಟ್ ಸಿಗುವ ಹಾಗಿಲ್ಲ, ಅಪ್ಪ ಹೊಗೆಸೊಪ್ಪಿನ ಹೊಲ ಅಡವಿಟ್ಟು ಸಾಲ ತಂದಿದ್ದಾರೆ. ಯಾರೋ ಕನ್ಸಲ್ಟೆಂಟ್ ಹೇಳಿದನಂತೆ: ‘ರೆಫ್ಯೂಜಿ ಅರ್ಜಿ ಹಾಕು. ಊರಲ್ಲಿ ಹೋರಾಟ ಮಾಡಿದ್ದೆ, ಪೊಲೀಸರು ಹುಡುಕ್ತಿದಾರೆ ಅಂತ ನಾನೇ ಕಥೆ ಬರೆದುಕೊಡ್ತೀನಿ. ವಿಚಾರಣೆ ಬರುವಷ್ಟರಲ್ಲಿ ಎರಡು ಮೂರು ವರ್ಷ ದುಡೀಬಹುದು.’ ಅಕ್ಕಾ, ಇದರಲ್ಲಿ ತೊಂದರೆ ಏನಾದರೂ ಇದೆಯಾ ಅಂತ ಕೇಳಿದ್ದೀಯ.

ಇದೆ. ಅದನ್ನು ಹೇಳಲು ನಾನು ಬಂದ ವರ್ಷಕ್ಕೆ ಹೋಗಬೇಕು.

2010ರ ಜನವರಿ. ಪಾರ್ಕ್‌ಡೇಲ್ ಅನ್ನುವ ಬಡಾವಣೆಯಲ್ಲಿ ಒಂದು ರೂಮು ಖಾಲಿ ಇದೆ ಅಂತ ಗೊತ್ತಾಗಿ ಹೋಗಿದ್ದೆ. ಕಾಲಿಗೆ ಬೆಂಗಳೂರಲ್ಲಿ ಕೊಂಡ ಕ್ಯಾನ್ವಾಸ್ ಶೂ. ಬಾಗಿಲು ತೆಗೆದವರು ಐವತ್ತರ ಹತ್ತಿರದ ಹೆಂಗಸು, ಸೊಂಟಕ್ಕೆ ಪಟ್ಟೆ ಪಟ್ಟೆಯ ಏಪ್ರನ್. ಇಂಡಿಯಾದಲ್ಲಿ ಎಲ್ಲಿ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಕುಶಾಲನಗರ ಅಂದೆ. ಅವರು ಒಂದು ಕ್ಷಣ ಸುಮ್ಮನೆ ನಿಂತರು. ಆಮೇಲೆ ಕನ್ನಡದಲ್ಲಿ ಹೇಳಿದರು: ‘ಒಳಗ ಬಾ, ಒಳಗ ಬಾ. ಕಾಲು ತೊಯ್ದಾವ.’

ಬೈಲುಕುಪ್ಪೆಯ ಟಿಬೆಟಿಯನ್ ಕ್ಯಾಂಪಿನವರು. ಚಳಿಗಾಲದಲ್ಲಿ ಹುಬ್ಬಳ್ಳಿಯ ಫುಟ್‌ಪಾತಿನಲ್ಲಿ ಸ್ವೆಟರ್ ಮಾರುತ್ತಾ ಕಲಿತ ಕನ್ನಡ. ಅಚಾ ಅಂತ ಕರಿ ಅಂದರು, ಅವರ ಭಾಷೆಯಲ್ಲಿ ಅಕ್ಕ. ಆ ಮನೆಯಲ್ಲಿ ಮೂರು ವರ್ಷ ಇದ್ದೆ.

ಕಾವೇರಿ ಸೇತುವೆ ದಾಟಿ ಕೊಪ್ಪದಲ್ಲಿ ತಿರುಗಿದರೆ ಅವರ ಕ್ಯಾಂಪು. ಚಿಕ್ಕಂದಿನಿಂದ ಅಲ್ಲಿ ಮೋಮೋ ತಿಂದಿದ್ದೇನೆ. ಅವರು ಯಾಕೆ ಅಲ್ಲಿದ್ದಾರೆ ಅಂತ ಒಂದು ದಿನವೂ ಕೇಳಿರಲಿಲ್ಲ. ಅಚಾ ಹೇಳಿದ ಮೇಲೆಯೇ ಗೊತ್ತಾಗಿದ್ದು. 1959ರ ಮಾರ್ಚಿನಲ್ಲಿ ಲ್ಹಾಸಾದಲ್ಲಿ ಜನ ಎದ್ದು ನಿಂತರು, ಚೀನಾ ಸೇನೆ ಅದನ್ನು ಹತ್ತಿಕ್ಕಿತು. ದಲೈ ಲಾಮಾ ಹಿಮಾಲಯ ದಾಟಿ ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ. ಅಚಾನ ಅಮ್ಮನೂ ಹಾಗೆಯೇ ನಡೆದು ಬಂದವರು. ಆಗ ಮೈಸೂರು ಸರ್ಕಾರ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡು ಕೊಟ್ಟಿತು. 1960ರ ಕೊನೆಗೆ ಮೊದಲ ತಂಡ ಬಂತು. ಹಿಮದ ನಾಡಿನ ಜನ ನಮ್ಮ ಬಿಸಿಲಲ್ಲಿ ಮರ ಕಡಿದು, ಆನೆಗಳಿಗೆ ಹೆದರುತ್ತಾ ಜೋಳ ಬಿತ್ತಿದರು. ನಿರಾಶ್ರಿತರ ಬಗ್ಗೆ 1951ರಲ್ಲಿ ಆದ ಜಿನೀವಾ ಒಪ್ಪಂದಕ್ಕೆ ಭಾರತ ಇವತ್ತಿಗೂ ಸಹಿ ಹಾಕಿಲ್ಲ. ಆದರೂ ಜಾಗ ಕೊಟ್ಟಿತು. ಆಮೇಲೆ ಮುಂಡಗೋಡು, ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯದಲ್ಲೂ ಕೊಟ್ಟರು. ಇಲ್ಲಿ ಯಾರಾದರೂ ನಮ್ಮ ಕಡೆಯ ಬಗ್ಗೆ ಕೇಳಿದರೆ ನಾನು ದಸರಾಕ್ಕಿಂತ ಮೊದಲು ಇದನ್ನು ಹೇಳುತ್ತೇನೆ.

ಆದರೆ ಜಾಗ ಸಿಕ್ಕ ಮಾತ್ರಕ್ಕೆ ದೇಶ ಸಿಕ್ಕಿತು ಅಂತಲ್ಲ. ಅಚಾ ಹುಟ್ಟಿದ್ದೇ ಬೈಲುಕುಪ್ಪೆಯಲ್ಲಿ. ಕೈಲಿದ್ದದ್ದು ಮಾತ್ರ ಪರದೇಶಿಯರ ನೋಂದಣಿ ಪುಸ್ತಕ, ಆರ್‌.ಸಿ.. ಅದನ್ನು ಮತ್ತೆ ಮತ್ತೆ ನವೀಕರಿಸಬೇಕು. ಹಾಗಾಗಿಯೇ ಇಲ್ಲಿ ಬಂದು ಆಶ್ರಯ ಕೇಳಿದ್ದರು. ‘ಭಾರತದಲ್ಲೇ ಹುಟ್ಟಿದವರು, ಅಲ್ಲಿನ ಪೌರತ್ವ ಯಾಕೆ ಕೇಳಲಿಲ್ಲ?’ ಅವರಂಥವರ ಕೇಸುಗಳಲ್ಲಿ ಇದೇ ದೊಡ್ಡ ಪ್ರಶ್ನೆ. ಅದರ ಜೊತೆಗೆ, 2012ರ ಡಿಸೆಂಬರಿನಲ್ಲಿ ಇಲ್ಲಿನ ಕಾನೂನು ಬದಲಾಯಿತು. ಅದಕ್ಕೆ ಮುಂಚೆ ಅರ್ಜಿ ಹಾಕಿದವರಲ್ಲಿ ಸಾವಿರಾರು ಜನರ ಕಡತಗಳು ಬದಿಗೆ ಬಿದ್ದವು. ಅಚಾನದೂ ಅದರಲ್ಲಿ ಒಂದು.

ಅರ್ಜಿ ಹಾಕಿದರೆ ಏನಾಗುತ್ತದೆ ಅಂತ ಆ ಕನ್ಸಲ್ಟೆಂಟ್ ನಿನಗೆ ಪೂರ್ತಿ ಹೇಳಿರಲಿಕ್ಕಿಲ್ಲ. ನಿನ್ನ ಪಾಸ್‌ಪೋರ್ಟ್ ಅವರು ಇಟ್ಟುಕೊಳ್ಳುತ್ತಾರೆ. ಅರ್ಜಿ ವಿಚಾರಣೆಗೆ ಹೋಗುವಾಗಲೇ ನಿನ್ನ ಹೆಸರಿಗೆ ದೇಶ ಬಿಡುವ ಆದೇಶವೂ ತಯಾರಾಗಿರುತ್ತದೆ. ಅರ್ಜಿ ಬಿದ್ದರೆ ಅದು ಜಾರಿಯಾಗುತ್ತದೆ. ಮಧ್ಯೆ ಕೆನಡಾ ಬಿಟ್ಟು ಹೊರಟರೆ ಅರ್ಜಿ ಕೈಬಿಟ್ಟ ಹಾಗೆ. ಅಪ್ಪನಿಗೆ ಹುಷಾರಿಲ್ಲ ಅಂತ ಫೋನ್ ಬಂದರೂ ಹೋಗುವಂತಿಲ್ಲ. ಗೆದ್ದರೂ ಅಷ್ಟೇ. ಯಾವ ದೇಶಕ್ಕೆ ಹೆದರಿ ಬಂದೆ ಅಂದೆಯೋ ಅಲ್ಲಿಗೆ ಓಡಾಡಿದರೆ, ಆ ದೇಶದ ಪಾಸ್‌ಪೋರ್ಟ್ ಮತ್ತೆ ಮಾಡಿಸಿದರೆ, ಕೊಟ್ಟ ಆಶ್ರಯವನ್ನೂ ಅದರ ಜೊತೆ ಪಿ.ಆರ್. ಅಂದರೆ ಕಾಯಂ ವಾಸದ ಹಕ್ಕನ್ನೂ ವಾಪಸ್ ತೆಗೆದುಕೊಳ್ಳಬಹುದು. ಇನ್ನು ಸುಳ್ಳು ಹೇಳಿದ್ದು ಸಿಕ್ಕಿಬಿದ್ದರೆ ಐದು ವರ್ಷ ಈ ಕಡೆ ತಲೆ ಹಾಕುವಂತಿಲ್ಲ. ನಿಯಮಗಳು ಬದಲಾಗುತ್ತಲೇ ಇರುತ್ತವೆ, ಆದ್ದರಿಂದ ಲೈಸೆನ್ಸ್ ಇರುವ ವಕೀಲರನ್ನು ಕೇಳು. ನನ್ನ ಮಾತನ್ನೇ ಕೊನೆಯ ಮಾತು ಅಂದುಕೊಳ್ಳಬೇಡ.

ಈಗ ನಾನು ಯಾರಿಗೂ ಹೇಳದ ವಿಷಯ.

2012ರ ಡಿಸೆಂಬರಿನಲ್ಲಿ ತಂಗಿಯ ಮದುವೆಗೆ ಊರಿಗೆ ಹೊರಟೆ. ಹಿಂದಿನ ರಾತ್ರಿ ಅಚಾ ಒಂದು ಸಣ್ಣ ಗಂಟು ತಂದುಕೊಟ್ಟರು. ಎರಡು ಜೊತೆ ಉಣ್ಣೆಯ ಕಾಲುಚೀಲ, ಮಂಡಿನೋವಿನ ಮುಲಾಮು, ಮಗಳ ಶಾಲೆಯ ಫೋಟೋ. ‘ಇದನ್ನ ಯಾರ ಕೈಯಾಗಾದರೂ ಕಳಸಬಹುದಿತ್ತು. ನೀನು ಹೋಗಿ ಅಮ್ಮನ್ನ ಕಣ್ಣಾರೆ ನೋಡಿ ಬಾ. ಫೋನಿನಾಗ ಆರಾಮ ಅದೀನಿ ಅಂತಾಳ. ಎಷ್ಟು ಸೊರಗ್ಯಾಳ ನನಗ ಹೇಳು’ ಅಂದರು. ಕೇಳಿದ್ದು ಅಷ್ಟೇ.

ಮದುವೆ ಮನೆ ಹೇಗಿರುತ್ತದೆ ನಿನಗೆ ಗೊತ್ತು. ಚಪ್ಪರ, ಬೀಗರು, ಒಂದೊಂದು ದಿನಕ್ಕೂ ನಾಲ್ಕು ಮನೆ ಊಟ. ಹೊರಡುವ ಎರಡು ದಿನ ಮುಂಚೆ ಅಕ್ಕನ ಮಕ್ಕಳು ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್‌ಗೆ ಹೋಗೋಣ ಅಂದರು. ಹೋದೆವು. ಮೂರು ದೊಡ್ಡ ವಿಗ್ರಹಗಳ ಮುಂದೆ ನಿಂತು ಫೋಟೋ ತೆಗೆಸಿಕೊಂಡೆವು. ಗಂಟು ನನ್ನ ಬ್ಯಾಗಿನಲ್ಲೇ ಇತ್ತು. ಅಚಾನ ಮನೆ ಅಲ್ಲಿಂದ ಆಟೋದಲ್ಲಿ ಹತ್ತು ನಿಮಿಷ. ಮಕ್ಕಳು ಹಸಿವು ಅಂದರು, ಕತ್ತಲಾಗುತ್ತಿತ್ತು. ಎದುರಿನ ಅಂಗಡಿ ಸಾಲಿನಲ್ಲಿ ಆ ಮನೆ ಗೊತ್ತಿದ್ದ ಹುಡುಗನೊಬ್ಬ ಸಿಕ್ಕ. ಅವನ ಕೈಗೆ ಗಂಟು ಕೊಟ್ಟು ಹೊರಟುಬಿಟ್ಟೆ.

ಪಾರ್ಕ್‌ಡೇಲ್‌ಗೆ ವಾಪಸ್ ಬಂದಾಗ ಬಾಗಿಲಲ್ಲೇ ಕೇಳಿದರು. ‘ನೋಡಿದ್ಯಾ?’

ನೋಡಿದೆ ಅಂದೆ. ಚೆನ್ನಾಗಿದ್ದಾರೆ, ಅಷ್ಟೇನೂ ಸೊರಗಿಲ್ಲ ಅಂದೆ. ಚಹಾ ಕೊಟ್ಟರಾ ಅಂದರು. ಕೊಟ್ಟರು ಅಂದೆ. ಉಪ್ಪು ಚಹಾ ಕುಡಿದ್ಯಾ ಅಂತ ನಕ್ಕರು. ಕುಡಿದೆ ಅಂದೆ. ಒಂದು ಸುಳ್ಳಿಗೆ ಇನ್ನೊಂದು ಜೋಡಿಸಿಕೊಂಡು ಹೋಯಿತು.

ಆಗಸ್ಟಿನಲ್ಲಿ ಅವರ ಅಮ್ಮ ತೀರಿಕೊಂಡರು. ಅಚಾ ಹೋಗುವಂತಿರಲಿಲ್ಲ. ಅಡುಗೆಮನೆಯ ಕಿಟಕಿಯ ಹತ್ತಿರ ತುಪ್ಪದ ದೀಪಗಳನ್ನು ಹಚ್ಚಿಟ್ಟರು, 49 ದಿನ. ನಾನು ಪಕ್ಕದಲ್ಲಿ ಕೂತಿದ್ದಾಗ ಒಂದು ಸಂಜೆ ನನ್ನ ಕೈ ಹಿಡಿದು, ‘ನೀನಾದರೂ ನೋಡಿದ್ಯಲ್ಲ. ಅಷ್ಟ ಸಾಕು’ ಅಂದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಇವತ್ತಿಗೂ ಹೇಳಿಲ್ಲ. ಅವರಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಅದಕ್ಕೇ ಇಲ್ಲಿ ಬರೆಯುವ ಧೈರ್ಯ ಬಂತು.

ಅವರ ಆಶ್ರಯದ ಕಾಗದ ಆದದ್ದು 2017ರಲ್ಲಿ. ನಿರಾಶ್ರಿತರ ಪ್ರಯಾಣದ ಪುಸ್ತಕ ಬಂದ ದಿನ ಅದನ್ನು ಮೇಜಿನ ಮೇಲಿಟ್ಟು ತೋರಿಸಿದರು. ಮೇಲಿನ ಮೂಲೆಯಲ್ಲಿ ಓರೆಯಾಗಿ ಎರಡು ಗೆರೆ. ತಾನು ಹುಟ್ಟಿದ ಮನೆಗೆ ಹೋಗಲು ಭಾರತದ ವೀಸಾ ಅರ್ಜಿ ತುಂಬುತ್ತಾ, ಹುಟ್ಟಿದ ಸ್ಥಳ ಅನ್ನುವ ಜಾಗದಲ್ಲಿ ‘ಬೈಲುಕುಪ್ಪೆ’ ಅಂತ ನನ್ನ ಕೈಲೇ ಬರೆಸಿದರು.

ತಮ್ಮಾ, ನಿನ್ನನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಸಾಲದ ಭಾರ ನನಗೂ ಗೊತ್ತು. 1914ರಲ್ಲಿ ಕೊಮಗಾಟಾ ಮಾರು ಹಡಗಿನಲ್ಲಿ ಬಂದ ನಮ್ಮ ದೇಶದ 376 ಜನರಲ್ಲಿ ಹೆಚ್ಚಿನವರನ್ನು ಇದೇ ಕೆನಡಾ ವ್ಯಾಂಕೂವರ್ ದಡ ಮುಟ್ಟಲು ಬಿಡದೆ ವಾಪಸ್ ಕಳಿಸಿತ್ತು. 1985ರ ಏಪ್ರಿಲ್ 4ರಂದು ಇದೇ ದೇಶದ ಸುಪ್ರೀಂ ಕೋರ್ಟು, ಆಶ್ರಯ ಕೇಳಿ ಬಂದವನ ಮಾತನ್ನು ಎದುರು ಕೂರಿಸಿಕೊಂಡು ಕೇಳಬೇಕು ಅಂತ ತೀರ್ಪು ಕೊಟ್ಟಿತು. ಆ ಕೇಸು ಹಾಕಿದವರಲ್ಲಿ ಹೆಚ್ಚಿನವರು ನಮ್ಮ ಸಿಖ್ಖರು. ಆ ಕುರ್ಚಿಯಲ್ಲಿ ಕೂತೇ ಅಚಾ ಮಾತಾಡಿದ್ದು. ನೀನು ಹೊಗೆಸೊಪ್ಪಿನ ಹೊಲದ ಹುಡುಗ, ನಿನ್ನನ್ನು ಯಾವ ಪೊಲೀಸರೂ ಹುಡುಕುತ್ತಿಲ್ಲ. ಆ ಕುರ್ಚಿಯಲ್ಲಿ ಕೂತು ಯಾರೋ ಬರೆದ ಕಥೆ ಹೇಳುವುದು ನಿನ್ನಿಂದ ಆಗುತ್ತದಾ? ನಿಜವಾಗಿ ಜೀವಭಯ ಇದ್ದಿದ್ದರೆ ನಾನೇ ಇವತ್ತೇ ಹೋಗು ಅನ್ನುತ್ತಿದ್ದೆ, ಜೊತೆಗೂ ಬರುತ್ತಿದ್ದೆ.

ಈ ಭಾನುವಾರ ಪಾರ್ಕ್‌ಡೇಲ್‌ಗೆ ಬಾ. ಆ ಫಾರಂ ತಗೊಂಡು ಬಾ, ಸಹಿ ಹಾಕಬೇಡ. ಮಧ್ಯಾಹ್ನ ಅಚಾನ ಮನೆಯಲ್ಲೇ ಊಟ, ಥುಕ್ಪಾ ಮಾಡುತ್ತಾರೆ. ಸೋಮವಾರ ವಕೀಲರ ಹತ್ತಿರ ಹೋಗೋಣ, ಬೇರೆ ದಾರಿ ಏನಿದೆ ಅಂತ ಸರಿಯಾಗಿ ಕೇಳೋಣ. ದಾರಿ ಇಲ್ಲ ಅಂದರೆ ಊರಿಗೆ ಹೋಗುವುದು ಅವಮಾನ ಅಲ್ಲ. ಹೋಗುವ ಹಾಗಿದ್ದರೆ ನನಗೆ ಮೊದಲೇ ಹೇಳು. ಆ ಮನೆಯಲ್ಲಿ ಈಗ ಅಚಾನ ಅಣ್ಣ ಒಬ್ಬರೇ ಇದ್ದಾರೆ. ಅವರಿಗೆ ಕಾಲುಚೀಲ ಕಳಿಸುವುದಿದೆ. ಅಂಗಡಿಯಲ್ಲಿ ಕೊಟ್ಟು ಬರಬೇಡ. ಒಳಗೆ ಹೋಗಿ, ಕೂತು, ಉಪ್ಪು ಚಹಾ ಕುಡಿದು ಬಾ.