ಇಂಗ್ಲೆಂಡಿನ ತಂತ್ರ ಇಟಲಿಯಲ್ಲಿ ಸೋಲುವುದೇಕೆ: ಫುಟ್‌ಬಾಲ್ ಮ್ಯಾನೇಜರ್‌ನಲ್ಲಿ ದೇಶದಿಂದ ದೇಶಕ್ಕೆ ಬದಲಾಗುವ ಆಟ

ನಾವೇ ಕೋಚ್ ಆಗಿ ತಂಡ ನಡೆಸುವ ಫುಟ್‌ಬಾಲ್ ಮ್ಯಾನೇಜರ್ ಎಂಬ ಕಂಪ್ಯೂಟರ್ ಆಟದಲ್ಲಿ, ಇಂಗ್ಲೆಂಡಿನಲ್ಲಿ ಮೂರು ಸೀಸನ್ ಗೆಲ್ಲಿಸಿದ 4-2-3-1 (ಹಿಂದಿನಿಂದ ಮುಂದಕ್ಕೆ ಪ್ರತಿ ಸಾಲಿನ ಆಟಗಾರರ ಸಂಖ್ಯೆ) ಪ್ರೆಸಿಂಗ್ ತಂತ್ರವನ್ನೇ, ಅಂದರೆ ಎದುರಾಳಿಯ ಮೇಲೆ ಏರಿ ಚೆಂಡು ಕಸಿಯುವ ಆಟವನ್ನೇ, ಇಟಲಿಯ ಕ್ಲಬ್ಬಿಗೂ ತಂದಿದ್ದೀರಿ, ಚೆಂಡು ಹೆಚ್ಚು ಹೊತ್ತು ನಿಮ್ಮವರ ಕಾಲಲ್ಲೇ ಇದ್ದರೂ ಹನ್ನೊಂದು ಪಂದ್ಯಗಳಲ್ಲಿ ಆರು ಡ್ರಾ ಆಗಿವೆ, ಹಾಗಾದರೆ ಈ ಆಟದ ಒಳಗೆ ಪ್ರತಿ ದೇಶಕ್ಕೂ ಒಂದೊಂದು ಶೈಲಿಯನ್ನು ಬರೆದಿಟ್ಟಿದ್ದಾರೆಯೇ ಎಂದು ಕೇಳಿದ್ದೀರಿ. ಹಲವು ವರ್ಷಗಳಿಂದ ಬೇರೆ ಬೇರೆ ಲೀಗುಗಳಲ್ಲಿ ಸೇವ್ (ಉಳಿಸಿಟ್ಟುಕೊಂಡು ಸೀಸನ್‌ನಿಂದ ಸೀಸನ್‌ಗೆ ಮುಂದುವರಿಸುವ ಆಟ) ನಡೆಸಿ ನನಗೆ ತಿಳಿದಿರುವುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಿಮ್ಮನ್ನು ತಡೆಯುತ್ತಿರುವುದು ಇಟಲಿ ಎಂಬ ದೇಶವಲ್ಲ, ಆ ಲೀಗಿನ ಉಳಿದ 19 ಕೋಚ್‌ಗಳು. ಪಂದ್ಯವನ್ನು ಲೆಕ್ಕ ಹಾಕುವಾಗ ಆಟ ಗಮನಿಸುವುದು 1ರಿಂದ 20ರವರೆಗಿನ ಅಟ್ರಿಬ್ಯೂಟ್‌ಗಳನ್ನು (ಆಟಗಾರನ ಸಾಮರ್ಥ್ಯದ ಅಂಕಗಳು), ಆಟಗಾರನಿಗೆ ಕೊಟ್ಟ ರೋಲ್ ಮತ್ತು ಸೂಚನೆಗಳನ್ನು, ದಣಿವನ್ನು, ಮೈದಾನ ಮತ್ತು ಹವಾಮಾನದ ಸ್ಥಿತಿಯನ್ನು. ದೇಶದ ಬಣ್ಣ ಬರುವುದು ಇವುಗಳ ಹಿಂದಿನಿಂದ. ಆಯಾ ದೇಶದ ಫುಟ್‌ಬಾಲನ್ನು ಹತ್ತಿರದಿಂದ ನೋಡುವ ಸಂಶೋಧಕರು ಪ್ರತಿ ಕೋಚ್‌ನ ಮೆಚ್ಚಿನ ಫಾರ್ಮೇಷನ್ ಯಾವುದು, ಅವನು ಎಷ್ಟು ಪ್ರೆಸ್ ಮಾಡಿಸುತ್ತಾನೆ, ಹೇಗೆ ಆಡಿಸುತ್ತಾನೆ ಎಂಬುದನ್ನು ಡೇಟಾಬೇಸಿನಲ್ಲಿ ತುಂಬುತ್ತಾರೆ. ಕ್ಲಬ್ಬುಗಳ ಆಟಗಾರರು ಸಹ ಆ ರೀತಿಗೆ ಹೊಂದುವವರೇ ಆಗಿರುತ್ತಾರೆ. ಇಪ್ಪತ್ತು ತಂಡಗಳಲ್ಲಿ ಎಂಟು ತಂಡಗಳು ಒಂದೇ ರೀತಿ ನಿಂತರೆ ಇಡೀ ಲೀಗಿಗೇ ಒಂದು ಸ್ವಭಾವ ಇದೆ ಎಂದು ನಮಗನ್ನಿಸುವುದು ಸಹಜ.

ಇಟಲಿಯ ವಿಷಯದಲ್ಲಿ ಆ ಸ್ವಭಾವ ಮೂವರು ಸೆಂಟರ್‌ಬ್ಯಾಕ್‌ಗಳದ್ದು, ಅಂದರೆ ಗೋಲಿನ ಮುಂದೆ ನಡುವೆ ನಿಲ್ಲುವ ಡಿಫೆಂಡರ್‌ಗಳದ್ದು. 2012ರಿಂದ 2014ರವರೆಗೆ ಸತತ ಮೂರು ಬಾರಿ ಯುವೆಂಟಸ್ ಚಾಂಪಿಯನ್ ಆದಾಗ ಆಂಟೋನಿಯೋ ಕೊಂಟೆ ನೆಚ್ಚಿಕೊಂಡಿದ್ದುದು 3-5-2. 2024ರಲ್ಲಿ ಸಿಮೋನೆ ಇನ್ಜಾಗಿ ಇಂಟರ್ ತಂಡಕ್ಕೆ ಲೀಗ್ ಗೆಲ್ಲಿಸಿಕೊಟ್ಟದ್ದೂ ಅದರಿಂದಲೇ. ಅದೇ ವರ್ಷ ಯುರೋಪಾ ಲೀಗ್ ಗೆದ್ದ ಗ್ಯಾಸ್ಪೆರಿನಿಯ ಅಟಲಾಂಟಾ ಹಿಂದೆ ಮೂವರನ್ನಿಟ್ಟುಕೊಂಡು ಮೈದಾನದ ತುಂಬ ಆಳಿಗೆ ಆಳು ಹಿಡಿದು ಆಡುತ್ತಿತ್ತು. ಇಂಥ ತಂಡದ ಎದುರು ನಿಮ್ಮ 4-2-3-1 ಏನಾಗುತ್ತದೆ ನೋಡಿ. ನಿಮ್ಮ ಸ್ಟ್ರೈಕರ್ ಮತ್ತು ಅವನ ಹಿಂದಿನ ಅಟ್ಯಾಕಿಂಗ್ ಮಿಡ್‌ಫೀಲ್ಡರ್ ಇಬ್ಬರೂ ಪ್ರೆಸ್ ಮಾಡಲು ಓಡುತ್ತಾರೆ, ಎದುರಿಗೆ ಮೂವರು ಡಿಫೆಂಡರ್‌ಗಳು ಮತ್ತು ಗೋಲ್‌ಕೀಪರ್ ಇರುವುದರಿಂದ ಯಾರಾದರೊಬ್ಬರು ಬಿಡುವಾಗಿಯೇ ಉಳಿಯುತ್ತಾರೆ, ಚೆಂಡು ನಿಮ್ಮ ಮೊದಲ ಸಾಲನ್ನು ಸಲೀಸಾಗಿ ದಾಟುತ್ತದೆ. ಚೆಂಡು ನಿಮ್ಮದಾದಾಗ ಅವರ ವಿಂಗ್‌ಬ್ಯಾಕ್‌ಗಳು (ಎರಡೂ ಅಂಚಿನಲ್ಲಿ ಹಿಂದೆ ಮುಂದೆ ಓಡುವವರು) ಹಿಂದೆ ಸರಿದು ಐವರ ಸಾಲಾಗುತ್ತದೆ, ಒಬ್ಬನೇ ಸ್ಟ್ರೈಕರ್ ಮೂವರ ನಡುವೆ ಕಳೆದುಹೋಗುತ್ತಾನೆ. ಅಂಚಿನಿಂದ ಗೋಲಿನ ಮುಂದಕ್ಕೆ ಮೇಲೆತ್ತಿ ಹಾಕುವ ಕ್ರಾಸ್‌ಗಳೆಲ್ಲ ಆ ಮೂವರ ತಲೆಗೇ ಹೋಗುತ್ತವೆ. ಚೆಂಡಿನ ಹಿಡಿತ ಶೇಕಡಾ 60 ದಾಟಿದರೂ ಗೋಲು ಬಾರದಿರುವುದಕ್ಕೆ ಇದೇ ಕಾರಣವಿರಬೇಕು ಎಂದು ನನ್ನ ಊಹೆ.

ಆದ್ದರಿಂದ ತಂತ್ರವನ್ನು ಎಸೆಯಬೇಡಿ, ಈ ಎದುರಾಳಿಗಳಿಗೆ ತಕ್ಕಂತೆ ತಿದ್ದಿ. ಎದುರಾಳಿಯ ಎಡ ಬಲದ ಸೆಂಟರ್‌ಬ್ಯಾಕ್‌ಗಳನ್ನು ಪ್ರೆಸ್ ಮಾಡುವಂತೆ ಆಪೊಸಿಷನ್ ಇನ್‌ಸ್ಟ್ರಕ್ಷನ್‌ನಲ್ಲಿ (ಎದುರಾಳಿಯ ಒಬ್ಬೊಬ್ಬ ಆಟಗಾರನನ್ನು ಎದುರಿಸುವ ಬಗೆಯ ಸೂಚನೆ) ಸೂಚಿಸಿದರೆ, ನಿಮ್ಮ ವಿಂಗರ್‌ಗಳು ಅವರ ಮೇಲೆ ಏರಿ ಮೂವರಿಗೆ ಮೂವರಾಗುತ್ತಾರೆ. ದಾಳಿಯಲ್ಲಿ ಒಂದು ಬದಿಯ ಫುಲ್‌ಬ್ಯಾಕ್‌ನನ್ನು (ಅಂಚಿನ ಡಿಫೆಂಡರ್) ವಿಂಗರ್‌ನ ಹೊರಗಿನಿಂದ ಓಡಿಸಿದರೆ ಅವರ ಒಂಟಿ ವಿಂಗ್‌ಬ್ಯಾಕ್ ಎದುರು ನಿಮ್ಮವರು ಇಬ್ಬರಾಗುತ್ತಾರೆ. ಅಲ್ಲಿಂದ ಕ್ರಾಸ್ ತಗ್ಗಿನಲ್ಲೇ ಬರಲಿ, ಬಾಕ್ಸಿನ ಅಂಚಿನಲ್ಲಿ ನಿಂತವನಿಗೆ ಹಿಂದಕ್ಕೆ ಸಿಗಲಿ. ಎದುರಾಳಿ ಐವರನ್ನು ಹಿಂದಿಟ್ಟು ಕುಳಿತಿರುವಾಗ ಪ್ರೆಸಿಂಗ್ ಸಾಲನ್ನು ಮೇಲಿಟ್ಟು ಓಡಿಸುವುದು ಬರೀ ದಣಿವು. ಆ ಸಾಲನ್ನು ಒಂದು ಹಂತ ಕೆಳಗಿಳಿಸಿ, ಅವರನ್ನು ಹೊರಗೆ ಬರಗೊಟ್ಟರೆ ವಿಂಗ್‌ಬ್ಯಾಕ್‌ಗಳ ಹಿಂದೆ ಜಾಗ ತೆರೆಯುತ್ತದೆ. ನಾನು ಮೊದಲು ಇದನ್ನು ನಂಬಿರಲಿಲ್ಲ. ಒಮ್ಮೆ ಹತ್ತು ಪಂದ್ಯ ಪ್ರಯತ್ನಿಸಿ ನೋಡಿದ ಮೇಲೆ ಬಿಟ್ಟಿಲ್ಲ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. 2019ರ ಆವೃತ್ತಿಯಿಂದ ಆಟದಲ್ಲಿ ಕತೆನಾಚ್ಚೊ (ಹಿಂದೆ ಗೋಡೆ ಕಟ್ಟುವುದು), ಟಿಕಿಟಾಕಾ (ಸಣ್ಣ ಪಾಸ್‌ಗಳಲ್ಲಿ ಚೆಂಡು ಹಿಡಿದಿಡುವುದು), ಗೇಗನ್‌ಪ್ರೆಸ್ (ಚೆಂಡು ಕಳೆದುಕೊಂಡ ಕೂಡಲೇ ಒತ್ತುವುದು), ರೂಟ್ ಒನ್ (ಉದ್ದಕ್ಕೆ ನೇರವಾಗಿ ಮುಂದಕ್ಕೆ ಹೊಡೆಯುವುದು) ಎಂಬ ಸಿದ್ಧ ಶೈಲಿಗಳು ಬಂದವು. ಹೆಸರುಗಳು ದೇಶವನ್ನು ನೆನಪಿಸುವುದರಿಂದ ಇಟಲಿಯವರೆಲ್ಲ ಕತೆನಾಚ್ಚೊ, ಸ್ಪೇನಿನವರೆಲ್ಲ ಟಿಕಿಟಾಕಾ ಎಂದು ತಿಳಿದು ಸಿದ್ಧತೆ ನಡೆಸುವವರನ್ನು ಈ ಗುಂಪಿನಲ್ಲಿಯೇ ಕಂಡಿದ್ದೇನೆ. ನಿಜವಾದ ಫುಟ್‌ಬಾಲೇ ಹಾಗಿರಲಿಲ್ಲ. 1964 ಮತ್ತು 1965ರಲ್ಲಿ ಹೆಲೆನಿಯೋ ಹೆರೇರಾ ಅವರ ಇಂಟರ್ ಗೋಡೆ ಕಟ್ಟಿ ಯುರೋಪಿಯನ್ ಕಪ್ ಗೆದ್ದರೆ, 1989 ಮತ್ತು 1990ರಲ್ಲಿ ಅದೇ ಊರಿನ ಮಿಲಾನ್ ತಂಡ ಅರ್ರಿಗೋ ಸಾಕ್ಕಿ ಅವರ ಕೈಯಲ್ಲಿ ಸಾಲನ್ನು ಮೇಲಿಟ್ಟು ಒತ್ತಿ ಆಡಿ ಅದೇ ಕಪ್ ಗೆದ್ದಿತು. ಸ್ಪೇನಿನಲ್ಲಿಯೂ 2011ರ ಕೊನೆಯಲ್ಲಿ ಅಟ್ಲೆಟಿಕೊ ಸೇರಿದ ಸಿಮಿಯೋನೆ, ಒತ್ತಾದ 4-4-2 ಕಟ್ಟಿ 2014ರಲ್ಲಿ ಲೀಗ್ ಗೆದ್ದುಕೊಂಡರು. ಟಿಕಿಟಾಕಾಗೆ ಸಿದ್ಧರಾಗಿ ಅಂಥ ತಂಡದ ಎದುರಿಗೆ ಹೋದರೆ ಸೋಲು ಖಂಡಿತ.

ಕೋಚ್‌ಗಳಿಗಿಂತ ಗಟ್ಟಿಯಾಗಿ ನಿಲ್ಲುವ ವ್ಯತ್ಯಾಸ ಲೀಗಿನ ನಿಯಮಗಳದ್ದು, ಇದರತ್ತ ಬಹಳ ಮಂದಿ ಗಮನವನ್ನೇ ಕೊಡುವುದಿಲ್ಲ. ಪ್ರೀಮಿಯರ್ ಲೀಗಿನ 25 ಜನರ ಪಟ್ಟಿಯಲ್ಲಿ ಹೋಮ್‌ಗ್ರೋನ್ (ಎಳೆಯ ವಯಸ್ಸಿನಲ್ಲಿ ಅಲ್ಲಿನ ಕ್ಲಬ್ಬುಗಳಲ್ಲೇ ಬೆಳೆದವರು) ಅಲ್ಲದವರು 17ಕ್ಕಿಂತ ಹೆಚ್ಚಿರುವಂತಿಲ್ಲ. ಸ್ಪೇನಿನಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನವರ ಸಂಖ್ಯೆಗೆ ಮಿತಿಯಿದೆ. ಜರ್ಮನಿಯಲ್ಲಿ ಆ ಮಿತಿ ಇಲ್ಲ, ಬದಲಿಗೆ ಕ್ಲಬ್ಬಿನೊಡನೆ ಕರಾರಿರುವ 12 ಜರ್ಮನ್ ಆಟಗಾರರು ಬೇಕು. ಇಟಲಿಯ 25ರ ಪಟ್ಟಿಯಲ್ಲಿ ನಾಲ್ವರು ನಿಮ್ಮ ಕ್ಲಬ್ಬಿನಲ್ಲೇ, ಇನ್ನು ನಾಲ್ವರು ಆ ದೇಶದಲ್ಲಿ ಬೆಳೆದವರಾಗಿರಬೇಕು. ನಿಮ್ಮ ಪ್ರೆಸಿಂಗ್‌ಗೆ ಬೇಕಾದ ವೇಗ, ವರ್ಕ್ ರೇಟ್, ಸ್ಟಾಮಿನಾ ಇರುವವರನ್ನು ಇಂಗ್ಲೆಂಡಿನಲ್ಲಿ ಕೊಂಡಂತೆ ಇಲ್ಲಿ ಕೊಳ್ಳಲು ಹೊರಟರೆ ಪಟ್ಟಿಯೇ ತುಂಬದು. ಸಿಗುವ ಆಟಗಾರರಿಂದ ತಂತ್ರ ಹುಟ್ಟಬೇಕೇ ಹೊರತು, ತಂತ್ರವನ್ನು ಹಿಡಿದುಕೊಂಡು ಆಟಗಾರರನ್ನು ಹುಡುಕುತ್ತ ಅಲೆಯಬಾರದು ಎಂಬುದನ್ನು ನಾನು ಬಲವಾಗಿ ನಂಬಿದ್ದೇನೆ.

ಕ್ಯಾಲೆಂಡರ್ ಕೂಡ ಹಾಗೆಯೇ. ಜರ್ಮನಿಯ ಬುಂಡೆಸ್‌ಲಿಗಾದಲ್ಲಿ 18 ತಂಡ, 34 ಪಂದ್ಯ, ಚಳಿಗಾಲದ ಬಿಡುವು; ಇಂಗ್ಲೆಂಡಿನಲ್ಲಿ 38 ಲೀಗ್ ಪಂದ್ಯಗಳ ಜೊತೆಗೆ ಎರಡು ಕಪ್‌ಗಳು, ಡಿಸೆಂಬರ್ ಕೊನೆಯಲ್ಲಂತೂ ಉಸಿರಾಡಲು ಬಿಡುವಿಲ್ಲ. ಬ್ರೆಜಿಲ್‌ನಲ್ಲಿ 38 ಸುತ್ತಿನ ರಾಷ್ಟ್ರೀಯ ಲೀಗಿನ ಮೇಲೆ ರಾಜ್ಯ ಚಾಂಪಿಯನ್‌ಷಿಪ್, ಕಪ್ ಪಂದ್ಯಗಳೂ ಸೇರುತ್ತವೆ. ಜರ್ಮನಿಯ ಎರಡನೇ ದರ್ಜೆಯಿಂದ ನನ್ನನ್ನು ಮೇಲಕ್ಕೇರಿಸಿದ ಗೇಗನ್‌ಪ್ರೆಸ್ಸನ್ನು ಬ್ರೆಜಿಲ್‌ನ ಒಂದು ಕ್ಲಬ್ಬಿಗೆ ಒಯ್ದು ನಾನು ಅನುಭವಿಸಿದ ಸಂಕಟ ಇನ್ನೂ ನೆನಪಿದೆ. ಮೊದಲ ಮೂರು ತಿಂಗಳು ಗೆದ್ದೆ, ಆಮೇಲೆ ಸ್ನಾಯು ಸೆಳೆತದ ಗಾಯಗಳು ಒಂದರ ಹಿಂದೊಂದು ಬಂದು, ವರ್ಷದ ನಡುವಿಗೆ ಹನ್ನೊಂದು ಮಂದಿಯನ್ನು ಹೊಂದಿಸುವುದೇ ಕಷ್ಟವಾಯಿತು. ಎರಡನೇ ವರ್ಷ ಪ್ರೆಸಿಂಗ್ ಕಡಿಮೆ ಮಾಡಿ, ಟೆಂಪೋ (ಆಟದ ವೇಗ) ಇಳಿಸಿ, ಎರಡು ಗೋಲು ಮುಂದಿದ್ದಾಗ ಚೆಂಡನ್ನು ಸುಮ್ಮನೆ ಇಟ್ಟುಕೊಳ್ಳುವ ಎರಡನೇ ತಂತ್ರವನ್ನು ಜೊತೆಗಿಟ್ಟುಕೊಂಡ ಮೇಲೆ ತಂಡ ಚೇತರಿಸಿಕೊಂಡಿತು. ಬ್ರೆಜಿಲ್‌ನ ಆಟ ನಿಧಾನ ಎಂದು ಕೆಲವರು ಹೇಳುವಾಗ ನನಗೆ ಆ ಕ್ಯಾಲೆಂಡರ್ ಕಣ್ಣ ಮುಂದೆ ಬರುತ್ತದೆ.

ರಾಷ್ಟ್ರೀಯ ತಂಡವನ್ನು ನಡೆಸುವುದರ ಬಗ್ಗೆ ಕೊನೆಯಲ್ಲಿ ಕೇಳಿದ್ದೀರಿ. ಅಲ್ಲಿ ತರಬೇತಿಯ ದಿನಗಳೇ ಕಡಿಮೆ, ಆದ್ದರಿಂದ ತಂಡದ ಹೆಚ್ಚಿನ ಆಟಗಾರರು ತಮ್ಮ ಕ್ಲಬ್ಬುಗಳಲ್ಲಿ ಈಗಾಗಲೇ ಆಡುತ್ತಿರುವ ಫಾರ್ಮೇಷನ್ನನ್ನೇ ಆರಿಸಿಕೊಳ್ಳಿ.

ಇನ್ನೊಂದು ಮಾತು ದೀರ್ಘ ಸೇವ್ ನಡೆಸುವವರಿಗೆ. ಹತ್ತು ಹದಿನೈದು ಸೀಸನ್ ಕಳೆಯುವ ಹೊತ್ತಿಗೆ ಮೊದಲಿನ ಕೋಚ್‌ಗಳು ನಿವೃತ್ತರಾಗಿ, ಉಳಿದವರು ದೇಶದಿಂದ ದೇಶಕ್ಕೆ ಸರಿದು, ಆರಂಭದಲ್ಲಿ ಕಂಡ ವ್ಯತ್ಯಾಸಗಳು ಒಂದರೊಳಗೊಂದು ಬೆರೆಯುತ್ತವೆ. ಆಗ ಇಟಲಿಯಲ್ಲಿ 4-3-3 ತುಂಬಿರಬಹುದು, ಇಂಗ್ಲೆಂಡಿನಲ್ಲಿ ಮೂವರು ಸೆಂಟರ್‌ಬ್ಯಾಕ್‌ಗಳು ಕಾಣಬಹುದು. ಹಳೆಯ ಟಿಪ್ಪಣಿಗಳನ್ನು ನಂಬದೆ ಪ್ರತಿ ಸೀಸನ್ ಆರಂಭದಲ್ಲಿ ಕೋಚ್‌ಗಳ ಪ್ರೊಫೈಲ್ ತೆರೆದು ಮೆಚ್ಚಿನ ಫಾರ್ಮೇಷನ್ ಮತ್ತು ಶೈಲಿಯನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಅರ್ಧ ಗಂಟೆಯ ಕೆಲಸ. ಜೊತೆಗೆ ತಂಡದ ವರದಿಯಲ್ಲಿ ಲೀಗಿನ ಇತರ ತಂಡಗಳೊಡನೆ ನಿಮ್ಮ ತಂಡದ ಅಟ್ರಿಬ್ಯೂಟ್‌ಗಳನ್ನು ಹೋಲಿಸುವ ಪುಟವಿದೆ. ನಿಮ್ಮವರು ವೇಗದಲ್ಲಿ ಮುಂದಿದ್ದಾರೆಯೇ, ಎತ್ತರದಲ್ಲಿ ಹಿಂದಿದ್ದಾರೆಯೇ ಎಂಬುದು ಅಲ್ಲಿ ಒಂದೇ ನೋಟಕ್ಕೆ ತಿಳಿಯುತ್ತದೆ.

ಆ ಆರು ಡ್ರಾಗಳಲ್ಲಿ ಎಷ್ಟು ತಂಡಗಳು ಮೂವರು ಸೆಂಟರ್‌ಬ್ಯಾಕ್‌ಗಳೊಂದಿಗೆ ಆಡಿದವು, ನಿಮ್ಮ ಎಷ್ಟು ಕ್ರಾಸ್‌ಗಳು ಗುರಿ ತಲುಪಿದವು ಎಂಬುದನ್ನು ಪಂದ್ಯದ ವರದಿಗಳಿಂದ ತೆಗೆದು ಇಲ್ಲಿ ಹಾಕಿ. ಅದನ್ನು ನೋಡಿದರೆ ವಿಂಗರ್‌ಗಳ ರೋಲ್ ಮಾತ್ರ ಬದಲಿಸಿದರೆ ಸಾಕೇ, ಎರಡನೇ ಸ್ಟ್ರೈಕರ್ ಬೇಕೇ ಎಂಬುದನ್ನು ಖಚಿತವಾಗಿ ಹೇಳಬಹುದು.