ಚೀಟಿಯಲ್ಲಿ ಬಂದ ಜಾಗ, ಕೈಗೆ ಬರುವ ದುಡ್ಡು

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಒಂದು ಮಹಿಳಾ ಸಂಘದ ಅಧ್ಯಕ್ಷೆ. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇವೆ. ಈ ಸಲ ಪಕ್ಕದೂರಿನ ಜಾತ್ರೆಯಲ್ಲಿ ನಾಲ್ಕು ದಿನ ಎರಡು ಮಳಿಗೆ ಹಾಕಿದ್ದೆವು. ಒಂದು ದೇವಸ್ಥಾನದ ದಾರಿಯಲ್ಲೇ. ಇನ್ನೊಂದು ತೊಟ್ಟಿಲು ತಿರುಗಿಸುವವರ ಹಿಂದೆ. ಯಾರು ಎಲ್ಲಿ ಅಂತ ಚೀಟಿ ಎತ್ತಿದೆವು. ಮಾರಾಟದಲ್ಲಿ ನೂರಕ್ಕೆ 20 ರೂಪಾಯಿ ಕೂತವರಿಗೆ ಎಂದು ಬಾಯಿಮಾತಲ್ಲಿ ಆಗಿತ್ತು. ಮುಂದೆ ಕೂತವರು 31,000 ರೂಪಾಯಿ ಮಾರಿದರು, ಹಿಂದೆ ಕೂತವರು 8,500. ಅಂದರೆ ಒಬ್ಬರಿಗೆ 6,200, ಇನ್ನೊಬ್ಬರಿಗೆ 1,700. ಹಿಂದಿನವರು ಕೊನೆಯ ಎರಡು ದಿನ ಸಂಜೆ ಏಳಕ್ಕೇ ಮುಚ್ಚಿ ಹೋದರು. ಮುಂದಿನವರು ಹತ್ತರವರೆಗೂ ಇದ್ದರು. "ದುಡಿದವರಿಗೆ ದುಡ್ಡು" ಎನ್ನುತ್ತಾರೆ ಕೆಲವರು. "ಸಮ ಮಾಡಿ" ಎನ್ನುತ್ತಾರೆ ಇನ್ನು ಕೆಲವರು. ದುಡ್ಡು ಇನ್ನೂ ನನ್ನ ಹತ್ತಿರವೇ ಇದೆ. ಇದರಲ್ಲಿ ನನಗೆ ಒಂದು ಪೈಸೆಯೂ ಬರುವುದಿಲ್ಲ. ಆದರೂ ನಿದ್ದೆ ಬರುತ್ತಿಲ್ಲ. ಏನು ಮಾಡಲಿ?
– ಹೆಸರು ಬೇಡ, ಸಾಗರ ತಾಲ್ಲೂಕು

ಉತ್ತರ: ತಂಗಿ, ನಿಮ್ಮ ಪತ್ರ ಓದಿ ನನಗೆ 1994ರ ಒಂದು ಸಂಗತಿ ನೆನಪಾಯಿತು. ಆಗ ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದೆ. ಹೊಸನಗರ ತಾಲ್ಲೂಕಿನಲ್ಲಿ ಮನೆ ಮನೆ ಸಮೀಕ್ಷೆಗೆ ಇಬ್ಬರು ವಿದ್ಯಾರ್ಥಿಗಳನ್ನು ಕಳಿಸಿದ್ದೆ. ಒಂದು ಮನೆಗೆ ಮೂರು ರೂಪಾಯಿ. ದುಡ್ಡು ನನ್ನದಲ್ಲ, ಹಂಚುವ ಕೆಲಸ ಮಾತ್ರ ನನ್ನದು. ಹುಡುಗ 118 ಮನೆ ಮುಗಿಸಿದ. ಹುಡುಗಿ 41. ಅವನಿಗೆ 354 ರೂಪಾಯಿ ಕೊಟ್ಟೆ, ಅವಳಿಗೆ 123. "ಇನ್ನೂ ಸ್ವಲ್ಪ ಚುರುಕಾಗಬೇಕು" ಎಂದೂ ಹೇಳಿದೆ. ಅವಳು ತಲೆ ತಗ್ಗಿಸಿ ಸಹಿ ಹಾಕಿ ಹೋದಳು.

ಮುಂದಿನ ಮಳೆಗಾಲದಲ್ಲಿ ಬೇರೆ ಕೆಲಸಕ್ಕೆ ಅವಳ ಭಾಗದ ಹಳ್ಳಿಗೆ ನಾನೇ ಹೋದೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಅರ್ಧ ಗಂಟೆ ನಡಿಗೆ. ಗುಡ್ಡ ಹತ್ತಬೇಕು, ಸಂಕ ದಾಟಬೇಕು, ಕಾಲಿಗೆ ಉಂಬಳ. ದಿನವಿಡೀ ನಡೆದರೂ ನನಗೆ ಆರು ಮನೆ ಆಗಲಿಲ್ಲ. ಹುಡುಗನಿಗೆ ಸಿಕ್ಕಿದ್ದು ಪೇಟೆ ಬೀದಿ. ಗೋಡೆಗೆ ಗೋಡೆ ತಾಗಿದ ಮನೆಗಳು. ಜಾಗ ಹಂಚಿದವಳು ನಾನೇ, ಸುಮ್ನೆ ಪಟ್ಟಿಯ ಮೇಲಿನ ಅರ್ಧ, ಕೆಳಗಿನ ಅರ್ಧ ಅಂತ. ನಾನು ಎಣಿಸಿದ್ದು ಅವಳ ದುಡಿಮೆಯನ್ನಲ್ಲ, ರಸ್ತೆಯನ್ನು. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ನಿಮ್ಮಂಥ ಸ್ಥಿತಿಯಲ್ಲೇ ಜನರನ್ನು ಕೂರಿಸಿ ನೋಡಿದ ಸಂಶೋಧಕರಿದ್ದಾರೆ. ನಾರ್ವೆಯ ಇಂಗ್ವಿಲ್ಡ್ ಅಲ್ಮೋಸ್, ಅಲೆಕ್ಸಾಂಡರ್ ಕಪೆಲೆನ್, ಬರ್ಟಿಲ್ ಟುಂಗೋಡೆನ್ ಅವರ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಇಬ್ಬರು ಕೆಲಸ ಮಾಡಿದ್ದಾರೆ, ದುಡ್ಡೆಲ್ಲ ಒಬ್ಬರಿಗೆ ಹೋಗಿದೆ. ಸಂಬಂಧವೇ ಇಲ್ಲದ ಮೂರನೆಯವರು ಅದನ್ನು ಹಾಗೇ ಬಿಡಬಹುದು, ಬದಲಿಸಲೂಬಹುದು. ಲಾಟರಿಯಿಂದ ಬಂದ ದುಡ್ಡು ಅಂದಾಗ ತುಂಬ ಜನ ಸಮ ಮಾಡಿದರು. ಚೆನ್ನಾಗಿ ಕೆಲಸ ಮಾಡಿ ಗಳಿಸಿದ್ದು ಅಂದಾಗ ಬಹಳ ಜನ ವ್ಯತ್ಯಾಸವನ್ನು ಉಳಿಸಿದರು. ನಾರ್ವೆಯವರು ಅಮೆರಿಕದವರಿಗಿಂತ ಎಷ್ಟೋ ಜಾಸ್ತಿ ಸಮ ಮಾಡಿದರು. ಆದರೆ ಅದೃಷ್ಟ ಬೇರೆ, ದುಡಿಮೆ ಬೇರೆ ಅನ್ನುವುದು ಎರಡೂ ದೇಶದವರಿಗೆ ಹೊಳೆಯಿತು. ನಿಮ್ಮ ಸಂಘದ ಎರಡು ಗುಂಪಿನವರೂ ಕೆಟ್ಟವರಲ್ಲ. ಒಬ್ಬರ ಕಣ್ಣಿಗೆ ಚೀಟಿ ಕಾಣುತ್ತಿದೆ, ಇನ್ನೊಬ್ಬರ ಕಣ್ಣಿಗೆ ಹತ್ತು ಗಂಟೆಯವರೆಗೆ ಉರಿದ ದೀಪ.

ಕಷ್ಟ ಇರುವುದು ಆ ದೀಪದಲ್ಲೇ. ಪೀಟರ್ ಆಂಡ್ರೆ ಎಂಬ ಅರ್ಥಶಾಸ್ತ್ರಜ್ಞ ಅಮೆರಿಕದ ಜನರ ಮುಂದೆ ಇನ್ನೊಂದು ಲೆಕ್ಕ ಇಟ್ಟರು. ಇಬ್ಬರು ಕೆಲಸಗಾರರು. ಒಬ್ಬರಿಗೆ ಒಳ್ಳೆಯ ದರ, ಇನ್ನೊಬ್ಬರಿಗೆ ತೀರಾ ಕಡಿಮೆ. ಯಾರಿಗೆ ಯಾವ ದರ ಅನ್ನುವುದು ಬರೀ ಅದೃಷ್ಟ. ಕಡಿಮೆ ದರ ಸಿಕ್ಕವರು ಕಡಿಮೆ ಕೆಲಸ ಮಾಡಿದರು. ಅದು ಸಹಜ ಅಲ್ವಾ? ಆದರೆ ಹಂಚಲು ಕೂತವರು ಇದನ್ನು ಹೆಚ್ಚು ಕಡಿಮೆ ಲೆಕ್ಕಕ್ಕೇ ಹಿಡಿಯಲಿಲ್ಲ. ಯಾರು ಎಷ್ಟು ಕೆಲಸ ಮಾಡಿದರು ಅಂತ ಮಾತ್ರ ನೋಡಿ ದುಡ್ಡು ಕೊಟ್ಟರು. ನಾನು 1994ರಲ್ಲಿ ಮಾಡಿದ್ದೂ ಅದನ್ನೇ.

ನಿಮ್ಮ ಹಿಂದಿನ ಮಳಿಗೆಯವರು ಮೊದಲ ಎರಡು ದಿನ ಹತ್ತರವರೆಗೆ ಕೂತಿರಬೇಕು. ಗಿರಾಕಿ ಹೆಚ್ಚು ಬಂದಿರಲಿಕ್ಕಿಲ್ಲ. ಮೂರನೇ ದಿನ ಏಳಕ್ಕೆ ಎದ್ದರು. ಚೀಟಿ ಅದಲು ಬದಲಾಗಿದ್ದರೆ ಅವರೂ ಹತ್ತರವರೆಗೆ ಇರುತ್ತಿದ್ದರು ಅಂತ ನನಗೆ ಅನ್ನಿಸುತ್ತದೆ. ಆ ಮೂರು ಗಂಟೆಯನ್ನು ಸೋಮಾರಿತನ ಅಂತ ಬರೆದುಕೊಳ್ಳಬೇಡಿ.

ಹಾಗಂತ ಅರ್ಧಕ್ಕರ್ಧ ಮಾಡಿ ಎಂದೂ ನಾನು ಹೇಳುವುದಿಲ್ಲ. ಮುಂದೆ ಕೂತವರು ಆ ನೂಕುನುಗ್ಗಲಿನಲ್ಲಿ ಪ್ಯಾಕೆಟ್ ಕೊಟ್ಟು, ಚಿಲ್ಲರೆ ಎಣಿಸಿ, ಊಟಕ್ಕೂ ಎದ್ದಿರಲಿಕ್ಕಿಲ್ಲ. ಅದೂ ದುಡಿಮೆಯೇ. ನಾನಾಗಿದ್ದರೆ ಒಟ್ಟು 7,900ರಲ್ಲಿ ನಾಲ್ಕು ದಿನ ಕೂತದ್ದಕ್ಕೆ ಇಬ್ಬರಿಗೂ ತಲಾ 2,500 ತೆಗೆದಿಡುತ್ತಿದ್ದೆ. ಉಳಿದ 2,900 ಮಾರಾಟದ ಲೆಕ್ಕದಲ್ಲಿ. ಒಬ್ಬರಿಗೆ ಸುಮಾರು 4,800, ಇನ್ನೊಬ್ಬರಿಗೆ 3,100 ಬರುತ್ತದೆ. ಈ 2,500 ಯಾವ ಪುಸ್ತಕದಲ್ಲೂ ಇಲ್ಲ, ನನಗೆ ಸರಿ ಕಂಡ ಸಂಖ್ಯೆ. ನಿಮ್ಮೂರ ಕೂಲಿ ನೋಡಿ ಬದಲಿಸಿಕೊಳ್ಳಿ.

ಒಂದು ವಿಷಯ ಮಾತ್ರ ಮರೆಯಬೇಡಿ. ನೂರಕ್ಕೆ 20 ಅಂತ ಮಾತಾಗಿತ್ತು. ಬರೆದಿರಲಿಲ್ಲ, ನಿಜ. ಆದರೂ ಮಾತು ಮಾತೇ. ಮುಂದೆ ಕೂತವರು ಅದನ್ನು ನಂಬಿ ಕೂತಿದ್ದರು. ಅವರ ಒಪ್ಪಿಗೆ ಇಲ್ಲದೆ ಒಂದು ರೂಪಾಯಿಯೂ ಕಡಿಮೆ ಮಾಡಬೇಡಿ. ಸಭೆಯಲ್ಲಿ ಎಲ್ಲರೆದುರು ಕೇಳಿದರೆ ಅವರಿಗೆ ಇಲ್ಲ ಅನ್ನಲು ಆಗುವುದಿಲ್ಲ. ಮೊದಲೇ ಮನೆಗೆ ಹೋಗಿ, ಕೂತು, ಲೆಕ್ಕ ತೋರಿಸಿ. ಒಪ್ಪದಿದ್ದರೆ 6,200 ಅವರಿಗೇ ಕೊಟ್ಟುಬಿಡಿ. ಹಿಂದಿನವರಿಗೆ ಸಂಘದ ಲಾಭದಿಂದ ಏನಾದರೂ ಸೇರಿಸಲು ಆಗುತ್ತದೆಯೇ ಅಂತ ಸಭೆಯಲ್ಲಿ ಕೇಳಿ. ಮುಂದಿನ ಜಾತ್ರೆಗೆ ಚೀಟಿಯೇ ಬೇಡ. ದಿನಕ್ಕೊಮ್ಮೆ ಜಾಗ ಬದಲಿಸಿಕೊಳ್ಳಲಿ.

ಇನ್ನೊಂದು. ಹಿಂದಿನವರು ಏಳಕ್ಕೆ ಯಾಕೆ ಎದ್ದರು ಅಂತ ನಾನು ನನ್ನ ಊಹೆ ಹೇಳಿದೆ. ನೀವು ಅವರನ್ನು ಕೇಳಿದ್ದೀರಾ? ಪತ್ರದಲ್ಲಿ ಅದಿಲ್ಲ. ನಾನೂ ಆ ಹುಡುಗಿಯನ್ನು ಕೇಳಿರಲಿಲ್ಲ. ಸಭೆಗೆ ಮುಂಚೆ ಅವರ ಮನೆಗೂ ಒಮ್ಮೆ ಹೋಗಿ ಬನ್ನಿ.